ಗಂಗೆ ಮಲಗುತ್ತಿದ್ದ ಕೋಣೆ

ಶಿರಸಿಯ ಆ ಮನೆಯಲ್ಲಿ ಅವ್ವನಿಗೂ ನನಗೂ ಕೊಟ್ಟಿದ್ದ ಕೋಣೆಗೆ ಒಳಗಡೆ ಚಿಲಕ ಇರಲಿಲ್ಲ. ಹೊರಗಡೆ ಇತ್ತು. ಮೊದಲು ಅಲ್ಲಿ ತೆಂಗಿನಕಾಯಿ, ಕಟ್ಟಿಗೆ ಒಟ್ಟುತ್ತಿದ್ದರಂತೆ. ಕಾಯಿ ಕಟ್ಟಿಗೆಗಳು ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದಿಲ್ಲವಲ್ಲ. ಮನುಷ್ಯರು ಮಲಗತೊಡಗಿದ ಮೇಲೂ ಚಿಲಕ ಬದಲಾಯಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮಲಗುವ ಮುಂಚೆ ಅವ್ವ ಹಿತ್ತಿಲಿನ ಒಡೆದ ಒರಳುಕಲ್ಲನ್ನು ಉರುಳಿಸಿ ತಂದು ಬಾಗಿಲಿಗೆ ಒತ್ತಿಡುತ್ತಿದ್ದಳು. ಆ ಕಲ್ಲು ಒಳಗೆ ಬರುವವರನ್ನು ತಡೆಯಬಹುದಿತ್ತು. ಹೊರಗಿನಿಂದ ಚಿಲಕ ಹಾಕಿಬಿಟ್ಟರೆ ಏನು ಮಾಡುವುದು ಎಂಬುದೇ ನನ್ನ ಹೆದರಿಕೆ. ಯಾರೂ ಹಾಗೆ ಹಾಕಿದ್ದಿಲ್ಲ, ಆದರೆ ಹಾಕಬಹುದಿತ್ತು. ದೊಡ್ಡವಳಾದ ಮೇಲೆ ಹುಬ್ಬಳ್ಳಿಯಲ್ಲಿ, ಮಡಗಾಂವಿನಲ್ಲಿ, ಈಗ ಯಲ್ಲಾಪುರದಲ್ಲಿ ಎಷ್ಟೋ ಮನೆಗಳಲ್ಲಿ ಕೆಲಸ ಮಾಡಿದ್ದೇನೆ. ಹೊಸ ಮನೆಯ ಯಜಮಾನಿ ಸಂಬಳದ ಮಾತು ತೆಗೆಯುವ ಮೊದಲೇ ನನ್ನ ಕಣ್ಣು ಬಾಗಿಲುಗಳ ಮೇಲೆ ಓಡಾಡಿ ಬಂದಿರುತ್ತದೆ.

ನಾವು ಮೂಡಣ ಸೀಮೆಯವರು, ಹಾನಗಲ್ಲಿನಾಚೆಯ ಬಯಲಿನವರು. ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ, ಲಾರಿಗೆ ಮೂಟೆ ಹೇರುವವನು. ಅವನ ಹೊಡೆತ ಅವ್ವನ ಮೇಲಿಂದ ನನ್ನ ಮೇಲಕ್ಕೆ ತಿರುಗಿದ ದಿನ ಅವ್ವ ನನ್ನನ್ನು ಎಳೆದುಕೊಂಡು ಮನೆ ಬಿಟ್ಟಳು. ಬನವಾಸಿಯ ಗದ್ದೆಗಳಲ್ಲಿ ಕೊಯ್ಲಿನ ಕೆಲಸ ಮುಗಿಯುವವರೆಗೆ ಅಲ್ಲಿದ್ದೆವು. ಆಮೇಲೆ, ಊರೂರು ತಿರುಗಿ ಬಳೆ ಮಾರುವ ಹೆಂಗಸೊಬ್ಬಳು ಶಿರಸಿ ಪೇಟೆಯಲ್ಲಿ ವಕೀಲರ ಮನೆಯೊಂದಿದೆ, ಮೇಲುಗೆಲಸಕ್ಕೆ ಅಲ್ಲೇ ಇರುವವರು ಬೇಕಂತೆ ಎಂದು ಹೇಳಿ ನಮ್ಮನ್ನು ಆ ಮನೆಯ ಗೇಟಿನವರೆಗೆ ಬಿಟ್ಟುಹೋದಳು. ನಾನಾಗ ಒಂಬತ್ತೋ ಹತ್ತೋ ವರ್ಷದವಳು. ಗೇಟಿನೊಳಗೆ ಹೋದ ಮೇಲೆ ಅವ್ವ ಹೊರಗೆ ಬಂದದ್ದು ಬಹಳ ಕಡಿಮೆ. ಬಸ್ ನಿಲ್ದಾಣದ ಕಡೆಗಂತೂ ಕಾಲಿಡುತ್ತಲೇ ಇರಲಿಲ್ಲ. ಹಾನಗಲ್ಲಿನ ಬಸ್ಸುಗಳು ಅಲ್ಲಿಗೇ ಬರುತ್ತವೆ. ಬೀದಿಯಲ್ಲಿ ಲಾರಿಯ ಹಾರನ್ ಕೇಳಿದರೆ ಸಾಕು, ಅವ್ವ ತಿಕ್ಕುತ್ತಿದ್ದ ಪಾತ್ರೆಯನ್ನು ಹಾಗೇ ಹಿಡಿದು, ಲಾರಿ ದಾಟಿ ಹೋಗುವವರೆಗೆ ಉಸಿರು ಬಿಡುತ್ತಿರಲಿಲ್ಲ. ಅದನ್ನು ನೋಡಿ ನೋಡಿ ನಾನೂ ಉಸಿರು ಹಿಡಿಯುವುದನ್ನು ಕಲಿತೆ. ಹೆದರಿಕೆಯನ್ನು ಯಾರೂ ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದಿಲ್ಲ, ತಾಯಂದಿರ ಬೆನ್ನು ನೋಡಿ ಮಕ್ಕಳು ಕಲಿಯುತ್ತಾರೆ.

ಅವ್ವನ ಹೆಸರು ಫಕ್ಕೀರವ್ವ. ಆ ಮನೆಯ ಯಜಮಾನಿ, ಎಲ್ಲರೂ ಅಮ್ಮ ಎಂದು ಕರೆಯುತ್ತಿದ್ದವರು, ಮೊದಲ ದಿನವೇ ಆ ಹೆಸರನ್ನು ಬದಲಾಯಿಸಿದರು.

“ಅದೆಂತ ಹೆಸರೇ? ನಮ್ಮ ಬಾಯಿಗೆ ಬತ್ತಿಲ್ಲೆ. ಪಾರ್ವತಿ ಹೇಳಿ ಕರಿತೆ, ಅಡ್ಡಿಲ್ಯ?”

“ಹೂಂನ್ರಿ ಅಮ್ಮಾರ” ಎಂದಳು ಅವ್ವ.

ಆ ಮನೆಯಲ್ಲಿ ಅವ್ವ ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು ಅದೇ ‘ಹೂಂನ್ರಿ’. ನನ್ನ ಹೆಸರು ಕಸ್ತೂರಿ. ಅದು ಅವರ ಬಾಯಿಗೆ ಬರುತ್ತಿತ್ತು, ಆದರೂ ಕರೆಯುತ್ತಿದ್ದುದು ‘ಏ ಕೂಸೇ’ ಎಂದೇ. ಅವರ ಮನೆಮಾತು ನಮ್ಮದಕ್ಕಿಂತ ಬೇರೆ. ಕನ್ನಡವೇ, ಆದರೆ ನನಗೆ ಮೊದಮೊದಲು ಅರ್ಧ ಮಾತು ತಿಳಿಯುತ್ತಿರಲಿಲ್ಲ. ‘ಮಳೆ ಬತ್ತಾ ಇದ್ದು’ ಎಂದರೆ ನಾನು ಬಾಯಿ ನೋಡುತ್ತಾ ನಿಲ್ಲುತ್ತಿದ್ದೆ. ನಮ್ಮ ಕಡೆ ‘ಇದ್ದು’ ಎಂದರೆ ಮಾತು ಇನ್ನೂ ಮುಗಿದಿಲ್ಲ. ಇದ್ದು ಏನಾಯಿತು, ಇದ್ದು ಎಲ್ಲಿಗೆ ಹೋಯಿತು ಎಂದು ಕಾಯುತ್ತಿದ್ದೆ. ಅವರ ಬಾಯಲ್ಲಿ ‘ಇದ್ದು’ ಎಂದರೆ ‘ಇದೆ’, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕಿವಿ ಒಗ್ಗುತ್ತ ಒಗ್ಗುತ್ತ ನನಗೆ ಎಲ್ಲವೂ ಅರ್ಥವಾಗತೊಡಗಿತು. ಅರ್ಥವಾಗುತ್ತದೆಂದು ಅವರಿಗೆ ಗೊತ್ತಾಗಲಿಲ್ಲ. ಯಾರೂ ಕೇಳಲಿಲ್ಲ, ನಾನಾಗಿ ಹೇಳಲಿಲ್ಲ.

ಮನೆಯಲ್ಲಿದ್ದವರು ಅಮ್ಮ ಮತ್ತು ವಕೀಲರು, ಇಬ್ಬರೇ. ಒಬ್ಬಳೇ ಮಗಳು ಸುಮಕ್ಕ ಮದುವೆಯಾಗಿ ಪುಣೆಯಲ್ಲಿದ್ದಳು. ವಕೀಲರು ಮಾತಾಡುವುದು ಕಡಿಮೆ. ಕೋರ್ಟಿಗೆ ಹೋಗುವುದು, ಬಂದು ಹೊರಜಗುಲಿಯ ಆರಾಮ ಕುರ್ಚಿಯಲ್ಲಿ ಪೇಪರು ಹಿಡಿಯುವುದು. ಮನೆಯೊಳಗಿನದೆಲ್ಲ ಅಮ್ಮನ ರಾಜ್ಯ. ಅಡುಗೆಮನೆಯ ಹೊಸಿಲನ್ನು ನಾವು ದಾಟುವಂತಿರಲಿಲ್ಲ. ಅವ್ವ ತಿಕ್ಕಿ ಬೋರಲು ಹಾಕಿದ ಪಾತ್ರೆಗಳ ಮೇಲೆ ಅಮ್ಮ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ನಮ್ಮ ತಟ್ಟೆ ಲೋಟಗಳಿಗೆ ಬಚ್ಚಲ ಗೋಡೆಯಲ್ಲಿ ಒಂದು ಗೂಡು. ಹಿತ್ತಿಲ ಕಟ್ಟೆಯ ಮೇಲೆ ನಾವು ತಟ್ಟೆ ಇಟ್ಟುಕೊಂಡು ಕೂತರೆ, ಅಮ್ಮ ಬಂದು ಅನ್ನವನ್ನು ಮೇಲಿನಿಂದ ಹಾಕುತ್ತಿದ್ದರು. ಊಟಕ್ಕೆ ಕೊರತೆ ಮಾಡಿದವರಲ್ಲ, ಅದನ್ನು ಹೇಳಲೇಬೇಕು. ಅನ್ನ, ಸಾರು, ಬೇಸಿಗೆಯಲ್ಲಿ ತಂಬುಳಿ, ಹಬ್ಬದ ದಿನ ಕಡುಬು. ಆದರೆ ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಅನ್ನ ನಿಲ್ಲುತ್ತಿರಲಿಲ್ಲ. ಎರಡು ತಾಸಿಗೆ ಮತ್ತೆ ಹಸಿವು. ಹಸಿವಾಯಿತೆಂದು ಹೇಳಬಾರದೆಂದು ಅವ್ವ ಕಲಿಸಿದ್ದಳು. ಅಮ್ಮ, ವಕೀಲರು ಮದುವೆ ಮುಂಜಿಗೆ ಹೋದ ದಿನ ಮಾತ್ರ ಅವ್ವ ಹಿತ್ತಿಲ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಎಲ್ಲಿಂದಲೋ ತರಿಸಿಟ್ಟುಕೊಂಡ ಹಿಡಿ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಪಕ್ಕದ ಮನೆಗೆ ಕೇಳೀತೆಂದು ಅದನ್ನೂ ಮೆಲ್ಲಗೆ.

ನಮ್ಮ ಕೋಣೆಯಲ್ಲಿ ನಮಗಿಂತ ಮುಂಚೆ ಯಾರೋ ಇದ್ದರು. ಗೋಡೆಯ ಮೇಲೆ, ನನ್ನ ಹಣೆಯ ಎತ್ತರಕ್ಕಿಂತ ಕೊಂಚ ಮೇಲೆ, ಅಂಟಿಸುವ ಬೊಟ್ಟುಗಳ ಒಂದು ಸಾಲು ಇತ್ತು. ಕೆಂಪು, ಹಸಿರು, ಒಂದು ಕಪ್ಪು. ಮಲಗುವಾಗ ತೆಗೆದು ಅಂಟಿಸಿ, ಬೆಳಿಗ್ಗೆ ಮತ್ತೆ ಹಚ್ಚಿಕೊಳ್ಳುತ್ತಿದ್ದ ಹುಡುಗಿಯೊಬ್ಬಳ ಬೊಟ್ಟುಗಳು. ಮೊಳೆಗೆ ನೇತುಹಾಕಿದ್ದ ಹಳೆಯ ಹೂವಿನ ಫ್ರಾಕನ್ನು ಅಮ್ಮ ನನಗೇ ಹಾಕಿಕೊ ಎಂದರು. ಮೈಗೆ ದೊಡ್ಡದಿತ್ತು.

“ಇದು ಯಾರದ್ರಿ?” ಎಂದು ಕೇಳಿದೆ.

“ಗಂಗೆದು. ನಿಲ್ಕುಂದದ ಕೂಸು. ಈಗ ಪುಣೆಲ್ಲಿ ಸುಮನ ಮನೇಲಿ ಇದ್ದು. ಸುಖವಾಗಿದ್ದು” ಎಂದರು ಅಮ್ಮ.

ಸುಖವಾಗಿ ಹೋದವಳು ಬೊಟ್ಟು ಯಾಕೆ ಬಿಟ್ಟುಹೋದಳು ಎಂದು ನನ್ನ ತಲೆಗೆ ಹೋಗಲಿಲ್ಲ. ಹೊಸ ಬೊಟ್ಟು ಕೊಡಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೂ ಆ ಫ್ರಾಕು ಹಾಕಿಕೊಂಡಾಗಲೆಲ್ಲ ನನ್ನ ಬೆನ್ನ ಹಿಂದೆ ಯಾರೋ ನಿಂತ ಹಾಗೆ ಅನಿಸುತ್ತಿತ್ತು.

ಗಂಗೆ ಬಂದದ್ದು ಬೇಸಿಗೆಯ ಒಂದು ಬೆಳಿಗ್ಗೆ. ಪುಣೆಯಿಂದ ಬರುವ ಬಸ್ಸಿನಲ್ಲಿ ಸುಮಕ್ಕನ ಪರಿಚಯದವರು ಯಾರೋ ಕರೆತಂದು, ಗೇಟಿನ ಹತ್ತಿರ ಬಿಟ್ಟು, ಒಳಗೂ ಬರದೆ ಹೋಗಿಬಿಟ್ಟಿದ್ದರು. ನಾನು ಅಂಗಳ ಗುಡಿಸುತ್ತಿದ್ದೆ. ತಲೆಗೂದಲನ್ನು ಬುಡಕ್ಕೆ ಕತ್ತರಿಸಿದ ಹುಡುಗನೊಬ್ಬ ಲಂಗ ಉಟ್ಟುಕೊಂಡು ನಿಂತಿದ್ದಾನೆ ಅನ್ನಿಸಿತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಗೇಟು ತೆರೆದೇ ಇತ್ತು, ಆದರೆ ಒಳಗೆ ಬರಲಿಲ್ಲ. ಅಮ್ಮ ಹೊರಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

“ಗಂಗೇ?”

ಅವಳು ತಲೆಯಾಡಿಸಿದಳು. ಹಿತ್ತಿಲಿಗೆ ಕರೆತಂದು ಕೂರು ಎಂದರೆ ಕೂರಲಿಲ್ಲ. ಅವ್ವ ತಟ್ಟೆಯಲ್ಲಿ ತಿಂಡಿ ಕೊಟ್ಟಳು. ಗೋಡೆಗೆ ಬೆನ್ನು ಹಚ್ಚಿ ನಿಂತುಕೊಂಡೇ, ಯಾರೋ ಕಿತ್ತುಕೊಳ್ಳುತ್ತಾರೆಂಬಂತೆ ತಿಂದಳು. ತಿಂದಾದ ಮೇಲೆ ನೀರಿನ ಹಂಡೆಯನ್ನು ನೋಡಿ, ಅವ್ವನನ್ನು ನೋಡಿ ಕೇಳಿದಳು:

“ಪಾಣಿ ಪಿಊ ಕಾ?”

ನೀರು ಕುಡಿಯಲಾ ಎಂದು ಅಪ್ಪಣೆ ಕೇಳುವ ಮರಾಠಿ ಮಾತು ಅದು. ಅವ್ವನಿಗೆ ಮಾತು ತಿಳಿಯಲಿಲ್ಲ, ಕೇಳಿದ ರೀತಿ ತಿಳಿಯಿತು. ಲೋಟ ತುಂಬಿ ಕೊಟ್ಟಳು. ತೆಗೆದುಕೊಳ್ಳಲು ಚಾಚಿದ ಕೈಯಲ್ಲಿ, ಮೊಣಕೈಯಿಂದ ಕೆಳಗೆ, ಸುಟ್ಟ ಗಾಯ ಇತ್ತು. ಒಂದು ತುದಿ ಚೂಪು, ಎರಡೂ ಕಡೆ ಅಗಲವಾಗುತ್ತ ಬಂದ ಗಾಯ. ವಕೀಲರ ಬಟ್ಟೆಗೆ ದಿನಾ ಇಸ್ತ್ರಿ ಮಾಡುತ್ತಿದ್ದವಳು ಅವ್ವ. ಆ ಆಕಾರ ಯಾವುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಏನಾತವಾ ಇದು?”

“ತಾಗ್ತು” ಎಂದಳು ಗಂಗೆ. ಅಷ್ಟೇ.

ಆ ದಿನ ಅಮ್ಮ ಮಾಡಿದ್ದನ್ನು ನಾನು ಮರೆತಿಲ್ಲ. ತಾವೇ ಕೊಬ್ಬರಿ ಎಣ್ಣೆಯ ಗಿಂಡಿ ತಂದು, ಹಿತ್ತಿಲ ಕಟ್ಟೆಯ ಮೇಲೆ ಗಂಗೆಯನ್ನು ಒತ್ತಾಯದಿಂದ ಕೂರಿಸಿ, ಕೂದಲು ಕತ್ತರಿಸಿದ ಆ ತಲೆಗೆ ಎಣ್ಣೆ ತಿಕ್ಕಿದರು. ಗಾಯಕ್ಕೆ ತುಪ್ಪ ಹಚ್ಚಿದರು. ನಮ್ಮನ್ನು ಮುಟ್ಟಿದರೆ ಮತ್ತೆ ಮೀಯಬೇಕಾದವರು. ಮುಟ್ಟಿದರು, ಬಹಳ ಹೊತ್ತು ಮುಟ್ಟಿಕೊಂಡೇ ಕೂತರು. ಅವರ ಕಣ್ಣಲ್ಲಿ ನೀರು ಇತ್ತು. ನಾನು ನೋಡಿದ್ದೇನೆ. ನನಗೆ ಅಮ್ಮನ ಮೇಲೆ ಹುಟ್ಟಿದ ಪ್ರೀತಿ ಎಷ್ಟೆಂದರೆ, ಅವರು ಮೀಯಲು ಹೋದಾಗ ಹೇಳಿಸಿಕೊಳ್ಳದೆಯೇ ಎರಡು ಕೊಡ ನೀರು ಸೇದಿ ಬಚ್ಚಲಿಗೆ ತುಂಬಿದೆ. ಸಂಜೆ ಪುಣೆಗೆ ಫೋನು ಹೋಯಿತು. ಫೋನು ನಡುಮನೆಯ ಕಿಟಕಿಯ ಪಕ್ಕ. ಕಿಟಕಿಯ ಹೊರಗೆ ಬಟ್ಟೆ ಒಣಗಿಸುವ ತಂತಿ, ನಾನು ಬಟ್ಟೆ ತೆಗೆಯುತ್ತಿದ್ದೆ.

“ಹೌದೇ, ಬಂತು. ಎಂತ ಅವತಾರ ಮಾಡಿ ಕಳಿಸಿದ್ಯೆ ಅದರ? … ಆತು, ಆತು, ಅಳಡ. ನಿಂಗೂ ಎರಡು ಸಣ್ಣ ಮಕ್ಕಳ ಕಟ್ಟಿಗ್ಯಂಡು ಕಷ್ಟವೇಯ. ಇಲ್ಲಿ ಇನ್ನೊಂದು ಇದ್ದು. ಸಣ್ಣದು, ಆದ್ರೆ ಚುರುಕು. ಅದರ ಅಬ್ಬೆ ಎಂತೂ ಹೇಳ್ತಿಲ್ಲೆ. ಹೋಪಲೆ ಎಲ್ಲೂ ಜಾಗ ಇಲ್ಲೆ ಅವಕ್ಕೆ. ಕಳಿಸ್ತೆ, ನೀ ಹೆದ್ರಡ.”

ಇನ್ನೊಂದು ಇದ್ದು. ಈ ಸಲ ಮಾತು ಮುಗಿಯಲಿ ಎಂದು ನಾನು ಕಾಯಬೇಕಾಗಿರಲಿಲ್ಲ. ಇಲ್ಲಿ ಇರುವ ಇನ್ನೊಂದು ನಾನೇ, ಏನೂ ಹೇಳದ ‘ಅಬ್ಬೆ’ ನನ್ನ ಅವ್ವ, ಹೋಗಲು ಎಲ್ಲೂ ಜಾಗವಿಲ್ಲದವರು ನಾವು ಎಂದು ಗೊತ್ತಾಯಿತು. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಬಿದ್ದ ಬಟ್ಟೆಗೆ ಮಣ್ಣು ಹತ್ತಿದರೆ ಬೈಯುತ್ತಾರೆ ಎಂಬ ಹೆದರಿಕೆಯೂ ಅದೇ ಹೊತ್ತಿಗೆ ಬಂತು, ಕೂಡಲೇ ಬಗ್ಗಿ ಎತ್ತಿಕೊಂಡೆ. ನನಗೆ ಹೆಚ್ಚು ಭಯವಾದದ್ದು ಮಾತಿನಿಂದಲ್ಲ, ದನಿಯಿಂದ. ಬೆಳಿಗ್ಗೆ ಗಂಗೆಯ ತಲೆಗೆ ಎಣ್ಣೆ ಹಚ್ಚುತ್ತ ‘ಅಯ್ಯೋ ಕೂಸೇ’ ಎಂದ ದನಿಯೇ ಈಗ ಮಗಳಿಗೆ ‘ನೀ ಹೆದ್ರಡ’, ಹೆದರಬೇಡ, ಎನ್ನುತ್ತಿತ್ತು. ಅದರಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ.

ಕೋಣೆಗೆ ಓಡಿಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವ್ವ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

“ಯಾರಿಗೂ ಹೇಳಬ್ಯಾಡ. ನಿನಗ ತಿಳಿತೈತಿ ಅನ್ನೂದನ್ನೂ ಹೇಳಬ್ಯಾಡ.”

ಅಮ್ಮ ಗಂಗೆಯನ್ನು ಊರಿಗೆ ಕಳಿಸಲಿಲ್ಲ. ಕೂದಲು ಒಂದಿಷ್ಟು ಬೆಳೆಯಲಿ, ಗಾಯ ಮಾಯಲಿ, ಆಮೇಲೆ ಹೋಗಲಿ, ಇದನ್ನು ಹೀಗೆ ನೋಡಿದರೆ ತಾಯಿ ಎದೆಯೊಡೆದುಕೊಂಡಾಳು ಎಂದರು. ಹಾಗಾಗಿ ಗಂಗೆ ತನ್ನ ಹಳೆಯ ಕೋಣೆಯಲ್ಲೇ ನಮ್ಮ ಜೊತೆ ಮಲಗಿದಳು. ನನ್ನ ಮೈಮೇಲೆ ತನ್ನ ಫ್ರಾಕು ನೋಡಿ ಗೋಡೆಯ ಬೊಟ್ಟುಗಳ ಕಡೆ ತಿರುಗಿಕೊಂಡಳು. ಮಾತು ಅವಳಿಗೆ ಮರೆತಂತಾಗಿತ್ತು, ನಾಲ್ಕು ಶಬ್ದ ಕನ್ನಡ, ಎರಡು ಮರಾಠಿ. ಹಗಲು ನನ್ನ ಜೊತೆ ಪಾತ್ರೆ ಒರೆಸುವಾಗ ಒಂದೊಂದೇ ತುಂಡು ಹೊರಗೆ ಬರುತ್ತಿತ್ತು. ಅಲ್ಲಿ ಮನೆ ಬಹಳ ಎತ್ತರದಲ್ಲಿದೆಯಂತೆ. ಕೆಳಗೆ ನೋಡಿದರೆ ಮನುಷ್ಯರು ಇರುವೆಯ ಹಾಗಂತೆ. ಬಟ್ಟೆ ಒಣಗಿಸುವ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಇವಳ ಹಾಸಿಗೆ.

“ಸಣ್ಣ ಮಗು ಅತ್ರೆ ನನ್ನ ಗ್ಯಾಲರಿಗೆ ದೂಡಿ ಬಾಗ್ಲು ಹಾಕ್ತಿದ್ರು. ನಾನು ಅಳ್ಸಿದ್ದು ಅಂತ” ಎಂದಳು ಒಮ್ಮೆ.

“ಎಷ್ಟೊತ್ತು?”

ಅವಳು ಲೋಟವನ್ನು ಒರೆಸುತ್ತಲೇ ಇದ್ದಳು. ಒಣಗಿದ ಲೋಟವನ್ನು ಮತ್ತೆ ಮತ್ತೆ ಒರೆಸಿದಳು.

ಅಮ್ಮ ಅವ್ವನ ಹತ್ತಿರ ಮಾತು ತೆಗೆದದ್ದು ಹಲಸಿನಕಾಯಿ ಹಪ್ಪಳದ ದಿನ. ಅಂಗಳದಲ್ಲಿ ಕಾಯಿ ಕಡಿದು ಹಾಕಿದ್ದರು. ಅವ್ವ ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸುತ್ತಿದ್ದಳು. ನಾನು ತೊಳೆಯೊಳಗಿನ ಬೇಳೆ ಬೇರೆ ಮಾಡುತ್ತಿದ್ದೆ. ಅಮ್ಮ ಮಣೆ ಹಾಕಿಕೊಂಡು ಎದುರಿಗೆ ಕೂತರು. ಹಾಗೆ ಎದುರಿಗೆ ಕೂರುವುದು ವಾಡಿಕೆಯಲ್ಲ.

“ಪಾರ್ವತಿ, ಸುಮ ಕೇಳ್ತಾ ಇದ್ದು. ನಿನ್ನ ಕೂಸಿನ ಕಳಿಸಿದ್ರೆ ಅಲ್ಲಿ ಶಾಲೆಗೂ ಹಾಕ್ತಡ. ಇಲ್ಲಿ ಎಂತ ಇದ್ದು ಇದಕ್ಕೆ? ಪಾತ್ರೆ ತೊಳೆಯದೊಂದೇಯ.”

ಅವ್ವ ತೊಳೆ ಬಿಡಿಸುತ್ತಲೇ ಇದ್ದಳು. ಶಾಲೆಗೆ ಹಾಕುತ್ತಾಳಂತೆ ಎಂದರೂ ಅವ್ವ ತಲೆ ಎತ್ತದಿರುವುದನ್ನು ನೋಡಿ, ಅಮ್ಮ ದನಿ ತಗ್ಗಿಸಿ, ಪ್ರೀತಿಯಿಂದಲೇ ಹೇಳಿದರು:

“ನಿನ್ನ ಗಂಡ ಹುಡುಕ್ಯಂಡು ಇಲ್ಲಿಗೆ ಬಂದ್ರೆ ಕೂಸು ದೂರ ಇದ್ದಿದ್ದೇ ಒಳ್ಳೇದಲ್ದ? ಅವ ಬಂದು ಕೇಳಿದ್ರೆ ಆನು ಎಷ್ಟು ದಿನ ಹೇಳಿ ಮುಚ್ಚಿಡ್ಲಿ?”

ಬೆದರಿಕೆ ಎಂದರೆ ಗಟ್ಟಿ ದನಿಯಲ್ಲೇ ಇರುತ್ತದೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಅಪ್ಪನ ಬೆದರಿಕೆ ಇಡೀ ಓಣಿಗೆ ಕೇಳುತ್ತಿತ್ತು. ಇದು ನಮ್ಮಿಬ್ಬರಿಗೆ ಮಾತ್ರ ಕೇಳಿತು. ನಾನು ಅವ್ವನ ಮುಖ ನೋಡಿದೆ. ಈಗ ಇಲ್ಲ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಕಾದೆ. ಅವ್ವ ಕೈಯ ಅಂಟನ್ನು ಬೂದಿಯಲ್ಲಿ ತಿಕ್ಕಿದಳು.

“ಹೂಂನ್ರಿ ಅಮ್ಮಾರ” ಎಂದಳು.

ಅಂದಿನಿಂದ ನಾನು ಅವ್ವನಿಗೂ ಹೆದರತೊಡಗಿದೆ. ಅದು ಬೇರೆಯದೇ ಜಾತಿಯ ಹೆದರಿಕೆ, ಅದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಅಪ್ಪನಿಗೆ ಹೆದರಿದರೆ ಅವ್ವನ ಸೆರಗಿನಲ್ಲಿ ಅವಿತುಕೊಳ್ಳುತ್ತಿದ್ದೆ. ಈಗ ಎಲ್ಲಿ ಅವಿತುಕೊಳ್ಳುವುದು? ಅವ್ವನನ್ನು ಕೇಳಿದರೂ, ಅತ್ತರೂ ‘ಸುಮ್ಕಿರು’ ಎಂಬ ಒಂದೇ ಮಾತು. ಅಮ್ಮ ದರ್ಜಿಯನ್ನು ಕರೆಸಿ ನನ್ನ ಅಳತೆ ತೆಗೆಸಿದರು. ನೀಲಿ ಬಟ್ಟೆಯ ಹೊಸ ಫ್ರಾಕು, ಜೇಬು ಇಟ್ಟದ್ದು. ನನ್ನ ಜೀವನದ ಮೊದಲ ಅಳತೆಯ ಬಟ್ಟೆ ಅದು. ಹಾಕಿ ನೋಡು ಎಂದಾಗ ನನಗೆ ವಾಂತಿ ಬಂತು. ಅಮ್ಮ ಬಿಸಿಲಿನ ಪಿತ್ತ ಎಂದು ಕೋಕಂ ಪಾನಕ ಮಾಡಿ ಕೊಟ್ಟರು. ಸುಮಕ್ಕ ರಜೆಗೆ ಬಂದು ಹೋಗುವಾಗ ನನ್ನನ್ನು ಕರೆದೊಯ್ಯುವುದೆಂದು ಆಗಿತ್ತು. ಯಾವ ದಿನವೆಂದು ನನಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಗೇಟಿನ ಮುಂದೆ ಯಾವ ಕಾರು ನಿಂತರೂ ಬಚ್ಚಲಿಗೆ ಓಡಿ ಹಂಡೆಯ ಸಂದಿಯಲ್ಲಿ ಕೂರುತ್ತಿದ್ದೆ. ಗಂಗೆ ನನ್ನನ್ನು ಅಲ್ಲಿ ನೋಡುತ್ತಿದ್ದಳು. ಒಂದು ದಿನ ಬಂದು ತಾನೂ ಕೂತಳು, ಹೇಳಿಸಿಕೊಳ್ಳದೆ, ನೆಲದ ಮೇಲೆ, ನನ್ನ ಪಕ್ಕ. ನನ್ನ ಕೈಯನ್ನು ಎತ್ತಿ ತನ್ನ ಗಾಯದ ಮೇಲೆ ಇಟ್ಟುಕೊಂಡಳು. ಹೊಸ ಚರ್ಮ ಕಾಗದದ ಹಾಗೆ ತೆಳ್ಳಗಿತ್ತು.

“ಹೋಗ್ಬೇಡ” ಎಂದಳು. “ನಂಗೆ ಹೋಗ್ಬೇಡ ಅಂತ ಯಾರೂ ಹೇಳ್ಲಿಲ್ಲ.”

ವಾನಳ್ಳಿಯಲ್ಲಿ ಅಮ್ಮನ ತವರಿನ ಕಡೆಯ ಒಂದು ಮುಂಜಿ ಇತ್ತು. ಅಮ್ಮ ಬೆಳಿಗ್ಗೆಯೇ ಕಾರಿನಲ್ಲಿ ಹೊರಟರು. ವಕೀಲರು ಸೊಂಟ ನೋವೆಂದು ಉಳಿದರು. ಅವ್ವ ದಿನದಂತೆ ಪಾತ್ರೆ ತಿಕ್ಕಿದಳು, ಬಟ್ಟೆ ಒಗೆದು ಹರವಿದಳು, ಅಂಗಳಕ್ಕೆ ನೀರು ಹಾಕಿದಳು, ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕಿದಳು. ಎಲ್ಲ ಮುಗಿಸಿ ಕೈಕಾಲು ತೊಳೆದು ಕೋಣೆಗೆ ಬಂದು, ಹಾಸಿಗೆಯ ಕೆಳಗಿನಿಂದ ಒಂದು ಗಂಟು ತೆಗೆದಳು. ಅದನ್ನು ಯಾವಾಗ ಕಟ್ಟಿಟ್ಟಿದ್ದಳೋ ನನಗೆ ಗೊತ್ತೇ ಇರಲಿಲ್ಲ.

“ಗಂಗಾ, ನಿಮ್ಮೂರ ಬಸ್ಸು ನಿನಗ ಗೊತ್ತೈತಿಲ್ಲ?”

ಗಂಗೆ ಹೌದೆಂದು ತಲೆಯಾಡಿಸಿದಳು.

“ಕಸ್ತೂರಿ, ಚಪ್ಪಲ್ ಹಾಕ್ಕೋ.”

ಆಗ ನನಗೆ ತಿಳಿಯಿತು. ಅವ್ವನ ‘ಹೂಂನ್ರಿ’ ಒಪ್ಪಿಗೆಯಾಗಿರಲಿಲ್ಲ. ಆ ಮನೆಯಲ್ಲಿ ಅವಳ ಹತ್ತಿರ ಇದ್ದದ್ದು ಅದೊಂದೇ ಮಾತು, ಅದನ್ನೇ ಅಡ್ಡ ಹಿಡಿದು ದಿನ ನೂಕಿದ್ದಳು. ನನಗೆ ಹೇಳಿದ್ದರೆ ನನ್ನ ಮುಖವೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಅದಕ್ಕೇ ಹೇಳಿರಲಿಲ್ಲ. ನೀಲಿ ಫ್ರಾಕನ್ನು ಮಡಚಿ ಚಾಪೆಯ ಮೇಲೆ ಇಟ್ಟಳು.

ಆದರೆ ಹಿತ್ತಿಲಿಗೆ ಬೇರೆ ಬಾಗಿಲಿರಲಿಲ್ಲ. ಗೇಟಿಗೆ ಹೋಗಬೇಕಾದರೆ ಹೊರಜಗುಲಿಯ ಮುಂದೆಯೇ ಹಾದುಹೋಗಬೇಕು. ವಕೀಲರು ಊಟ ಮುಗಿಸಿ ಆರಾಮ ಕುರ್ಚಿಯಲ್ಲಿ ಮಲಗಿದ್ದರು, ಮುಖದ ಮೇಲೆ ಪೇಪರು. ನಿದ್ದೆಯಲ್ಲಿದ್ದಾರೆ ಎಂದುಕೊಂಡು ನಾವು ಗೋಡೆಗೆ ಒತ್ತಿಕೊಂಡು ನಡೆದೆವು. ಅರ್ಧ ಅಂಗಳ ದಾಟಿರಬೇಕು.

“ಎಲ್ಲಿಗೆ?”

ಪೇಪರು ಎದೆಯ ಮೇಲೆ ಇಳಿದಿತ್ತು. ಅವ್ವ ನಿಂತಳು. ನಾನು ಅವಳ ಕೈ ಹಿಡಿದಿದ್ದೆ. ಅವಳು ಗಂಟನ್ನು ಬಗಲಿಗೆ ಒತ್ತಿಕೊಂಡಳು.

“ಗಂಗಾನ ಊರಿಗೆ ಬಿಟ್ಟ ಬರ್ತೀವ್ರಿ.”

ಅವರು ಗಂಗೆಯ ತಲೆ ನೋಡಿದರು, ಕೈ ನೋಡಿದರು. ಅವ್ವನ ಬಗಲಲ್ಲಿದ್ದ ಗಂಟು ನೋಡಿದರು. ಒಬ್ಬಳನ್ನು ಬಿಟ್ಟುಬರಲು ಹೋಗುವವರಿಗೆ ಅಷ್ಟು ದೊಡ್ಡ ಗಂಟು ಬೇಡ. ಕೊನೆಗೆ ನನ್ನನ್ನು ನೋಡಿದರು. ಅಷ್ಟು ದಿನ ಆ ಮನೆಯಲ್ಲಿದ್ದರೂ ಅವರು ನನ್ನನ್ನು ಪೂರ್ತಿ ನೋಡಿದ್ದು ಅದೇ ಮೊದಲು ಎನಿಸುತ್ತದೆ. ಕೋರ್ಟಿನಲ್ಲಿ ದಿನವಿಡೀ ಸುಳ್ಳು ಕೇಳುವ ಮನುಷ್ಯ.

“ಸಿದ್ದಾಪುರದ ಬಸ್ಸು ಈಗ ಇದ್ದು” ಎಂದರು. “ಬೇಗ ಹೋಗಿ.”

ಪೇಪರು ಮತ್ತೆ ಮುಖದ ಮೇಲೆ ಏರಿತು. ಅದು ದಯೆಯೋ, ತಲೆನೋವು ಮನೆಯಿಂದಾಚೆ ಹೋದರೆ ಸಾಕೆಂಬ ಬಯಕೆಯೋ, ನನಗೆ ಇವತ್ತಿಗೂ ತೀರ್ಮಾನಿಸಲಾಗಿಲ್ಲ. ಗಂಗೆ ಬಂದ ದಿನ ಅವರೂ ಅದೇ ಜಗುಲಿಯಲ್ಲಿ ಅದೇ ಪೇಪರು ಹಿಡಿದಿದ್ದರು. ಒಂದು ಮಾತು ಆಡಿರಲಿಲ್ಲ. ಹಾಗಿದ್ದೂ ಆ ಮಧ್ಯಾಹ್ನ ಅವರು ‘ನಿಲ್ಲಿ’ ಎಂದಿದ್ದರೆ ನಾವು ಮೂವರೂ ನಿಲ್ಲುತ್ತಿದ್ದೆವು.

ಅವ್ವ ನಿಲ್ದಾಣಕ್ಕೆ ಹೋಗಲಿಲ್ಲ. ಊರ ಹೊರಗೆ ಸಿದ್ದಾಪುರ ರಸ್ತೆಯಲ್ಲಿ, ಮರದಡಿ ನಿಂತು ಬಸ್ಸಿಗೆ ಕೈ ಮಾಡಿದಳು. ಸಿದ್ದಾಪುರದಲ್ಲಿ ಇಳಿದು ನಿಲ್ಕುಂದದ ಕಡೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಹಿಂದಿನಿಂದ ಯಾವುದೇ ವಾಹನ ಬಂದರೂ ನಾನು ಸೀಟಿನ ಕೆಳಗೆ ಜಾರುತ್ತಿದ್ದೆ. ಕಾಡು ದಟ್ಟವಾದಷ್ಟೂ ಗಂಗೆಯ ಬೆನ್ನು ನೆಟ್ಟಗಾಗುತ್ತ ಬಂತು. ಕಿಟಕಿಯಾಚೆ ಕೈ ತೋರಿಸಿ, ಅಲ್ಲಿ ಹಳ್ಳ, ಇಲ್ಲಿ ಭೂತಪ್ಪನ ಕಟ್ಟೆ ಎಂದು ತಾನಾಗಿ ಹೇಳತೊಡಗಿದಳು. ಇಳಿದ ಮೇಲೆ ಮಣ್ಣಿನ ದಾರಿಯಲ್ಲಿ ಅವಳೇ ಮುಂದೆ. ಸೋಗೆ ಹೊದಿಸಿದ ಸಣ್ಣ ಮನೆ ಕಂಡೊಡನೆ ಮಾತ್ರ ನಿಂತುಬಿಟ್ಟಳು. ಅಂಗಳದಲ್ಲಿ ಹೆಂಗಸೊಬ್ಬಳು ಕಾಡಿನ ಹುಳಿಹಣ್ಣು ಉಪ್ಪಾಗೆಯ ಸಿಪ್ಪೆಯನ್ನು ಒಣಗಲು ಹರವುತ್ತಿದ್ದಳು. ಗಂಗೆಯ ತಾಯಿ ದೇವಿ. ಅವಳು ತಲೆಯೆತ್ತಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಅವ್ವನನ್ನು ಕೇಳಿದಳು:

“ಯಾರು ಬೇಕಾಗಿತ್ತು? ಈ ಹುಡ್ಗ ಯಾರ್ದು?”

ಗಂಗೆ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡಳು. ದೇವಿ ಮತ್ತೆ ಹರವಲು ಬಗ್ಗಿ, ಹಾಗೇ ನಿಂತು, ನಿಧಾನವಾಗಿ ಇನ್ನೊಮ್ಮೆ ನೋಡಿದಳು. ಆಮೇಲೆ ಅವಳು ಕೂಗಿದ ಕೂಗಿಗೆ ಗುಡ್ಡದಾಚೆಯ ಮನೆಯವರೂ ಓಡಿಬಂದರು. ನಾನು ಅವ್ವನ ಸೆರಗಿನೊಳಗೆ ಮುಖ ಇಟ್ಟೆ. ಎಷ್ಟೋ ದಿನಗಳ ಮೇಲೆ ಅಲ್ಲಿಗೆ ಮರಳಿದ್ದೆ.

ಮುಂದೆ ಏನಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮನ್ನು ಹುಡುಕಿಕೊಂಡು ಆ ಮನೆಯಿಂದ ಯಾರೂ ಬರಲಿಲ್ಲ. ದೇವಿಯ ಕಡೆಯವರು ಇಬ್ಬರು ಶಿರಸಿಗೆ ಹೋಗಿ ವಕೀಲರ ಮನೆಯ ಗೇಟಿನಲ್ಲಿ ನಿಂತು ಗಲಾಟೆ ಮಾಡಿ ಬಂದರಂತೆ. ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ. ವಕೀಲರ ಮನೆಯ ಮೇಲೆ ಯಾವ ವಕೀಲರ ಹತ್ತಿರ ಹೋಗುವುದು? ಗಂಗೆಯ ಕೂದಲು ಬೆಳೆಯಿತು. ಗ್ಯಾಲರಿಯ ವಿಷಯ ಅವಳು ಆಮೇಲೆ ಯಾರ ಹತ್ತಿರವೂ ಎತ್ತಲಿಲ್ಲವಂತೆ. ಈಗ ಅವಳಿಗೆ ಮೂವರು ಮಕ್ಕಳು, ಊರಿನಲ್ಲೇ ಇದ್ದಾಳೆ, ಯಾರ ಮನೆಯ ಕೆಲಸಕ್ಕೂ ಹೋಗಿಲ್ಲ. ಅವ್ವನಿಗೆ ದೇವಿಯ ತಂಗಿ ದಾರಿ ತೋರಿಸಿದಳು. ಯಲ್ಲಾಪುರದ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಗೆ ಆಳು ಬೇಕಾಗಿತ್ತು. ಅಲ್ಲಿ ಅವಳು ಫಕ್ಕೀರವ್ವನಾಗಿಯೇ ಮಂಡಿ ಸೋಲುವವರೆಗೆ ದುಡಿದಳು. ನಾನು ಅಲ್ಲಿದ್ದುಕೊಂಡು ಹತ್ತನೆಯವರೆಗೆ ಓದಿದೆ, ಆಮೇಲೆ ನಾನೂ ಮನೆಗೆಲಸಕ್ಕೇ ಬಂದೆ. ಅದರ ಕಥೆ ಬೇರೆ. ಆದರೆ ಯಲ್ಲಾಪುರಕ್ಕೆ ಹೊರಟ ಆ ಬೆಳಿಗ್ಗೆಯ ಮಾತು ಒಂದು ಉಳಿದಿದೆ.

ನಿಲ್ಕುಂದದಿಂದ ಯಲ್ಲಾಪುರಕ್ಕೆ ಹೋಗಬೇಕಾದರೆ ಶಿರಸಿಯಲ್ಲೇ ಇಳಿದು ಬಸ್ಸು ಬದಲಿಸಬೇಕು. ಈ ಸಲ ಊರ ಹೊರಗೆ ಮರದಡಿ ನಿಲ್ಲುವ ಉಪಾಯವಿರಲಿಲ್ಲ. ಬಸ್ಸು ನಿಲ್ದಾಣದೊಳಗೆ ತಿರುಗಿದಾಗ ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಜನ ಇಳಿಯತೊಡಗಿದರು. ಎದುರಿಗೆ ಹಾನಗಲ್ಲಿನ ಬಸ್ಸು ನಿಂತಿತ್ತು. ಅದರ ಹತ್ತಿರ, ನಮಗೆ ಬೆನ್ನು ಹಾಕಿ, ಹೆಗಲ ಮೇಲೆ ಟವೆಲು ಹೊದ್ದ ಒಬ್ಬ ಅಗಲ ಬೆನ್ನಿನ ಗಂಡಸು ಬೀಡಿ ಹಚ್ಚುತ್ತಿದ್ದ. ಕಾಲನ್ನು ಕೊಂಚ ಓರೆಯಾಗಿ ಇಟ್ಟು ನಿಂತ ಆ ನಿಲುವು ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತು. ಅವನು ಅಪ್ಪನೋ ಅಲ್ಲವೋ ನಮಗೆ ಎಂದೂ ತಿಳಿಯಲಿಲ್ಲ. ಯಲ್ಲಾಪುರದ ಬಸ್ಸು ಅವನಿಂದ ಆಚೆಗೆ ನಿಂತಿತ್ತು, ಅವನ ಹಿಂದೆಯೇ ಹಾದು ಹೋಗಬೇಕು. ಬಸ್ಸಿನ ಮೆಟ್ಟಿಲ ಮೇಲೆ ನನ್ನ ಕಾಲುಗಳು ಅಂಟಿಕೊಂಡವು. ಹಿಂದಿದ್ದವರು ಇಳಿ ಇಳಿ ಎಂದು ಬೈಯುತ್ತಿದ್ದರು.

“ಅವ್ವಾ, ನನಗ ಅಂಜಿಕಿ ಬರಾಕತ್ತೈತಿ” ಎಂದೆ. “ನಿನಗ ಬರಂಗಿಲ್ಲೇನು?”

ಅವ್ವ ಕೆಳಗೆ ನಿಂತು ನನ್ನ ಕಡೆ ಕೈ ಚಾಚಿದ್ದಳು. ಅವಳ ತುಟಿ ಬೆಳ್ಳಗಾಗಿತ್ತು.

“ಬರ್ತೈತಿ” ಎಂದಳು. “ಬರ್ಲಿ ಬಿಡು. ಕಾಲಿಗೇನಾಗೇತಿ? ನಡಿ.”